ಗ್ಯಾರೇಜಿನ ಸ್ಪ್ಯಾನರು, ವಿಧಾನಸೌಧದ ಪ್ರಶ್ನೆ

ತೋವಿನಕೆರೆಯ ಕಡೆಯ ರೈತರೊಬ್ಬರು ಹೂವನ್ನೋ ತರಕಾರಿಯನ್ನೋ ಲಗೇಜ್ ಆಟೋಗೆ ಹೇರಿಕೊಂಡು ನಸುಕಿನಲ್ಲೇ ತುಮಕೂರಿನ ಮಾರುಕಟ್ಟೆಗೆ ಹೊರಟಿದ್ದಾರೆ ಎಂದುಕೊಳ್ಳೋಣ. ಹಿಂದಿನ ದಿನವಷ್ಟೇ ಗಾಡಿಯ ಬ್ರೇಕ್ ರಿಪೇರಿಯಾಗಿದೆ. ಹೊಸ ಲೈನರ್ ಹಾಕಿದ್ದೇನೆ ಎಂದು ಮೆಕ್ಯಾನಿಕ್ ಹೇಳಿದ್ದಾರೆ, ದುಡ್ಡನ್ನೂ ತೆಗೆದುಕೊಂಡಿದ್ದಾರೆ. ಗಾಡಿಗೆ ಎಫ್.ಸಿ. ಇದೆ, ಹೊಗೆ ತಪಾಸಣೆಯ ಚೀಟಿಯೂ ಇದೆ. ಹೀಗಿದ್ದೂ ದಾರಿಯಲ್ಲಿ ಬ್ರೇಕ್ ಹಿಡಿಯದೆ ಅನಾಹುತವಾದರೆ ಯಾರನ್ನು ಕೇಳಬೇಕು? ಮೆಕ್ಯಾನಿಕ್‌ನನ್ನೇ? ಎಫ್.ಸಿ. ಕೊಟ್ಟ ಕಚೇರಿಯನ್ನೇ? ಗ್ಯಾರೇಜಿಗೆ ಪರವಾನಗಿ ಕೊಟ್ಟ ಪಂಚಾಯಿತಿಯನ್ನೇ? ಇವರೆಲ್ಲರ ಮೇಲೆ ಕಣ್ಣಿಡಬೇಕಾದವರು ಯಾರು?

ಕೊನೆಯ ಪ್ರಶ್ನೆಗೆ ಸಂವಿಧಾನ ಕೊಡುವ ಉತ್ತರ ಸರಳವಾಗಿದೆ. ಸರ್ಕಾರದ ಯಾವುದೇ ಇಲಾಖೆಯ ಮೇಲೆ ಕಣ್ಣಿಡಬೇಕಾದವರು ನಾವು ಆರಿಸಿ ಕಳಿಸಿದ ಶಾಸಕರು. ಕಾನೂನು ಮಾಡುವುದು ಅವರ ಕೆಲಸದ ಅರ್ಧ ಭಾಗವಷ್ಟೇ. ಮಾಡಿದ ಕಾನೂನು ಹೇಗೆ ನಡೆಯುತ್ತಿದೆ ಎಂದು ಕೇಳುವುದು ಇನ್ನರ್ಧ. ಈ ಎರಡನೆಯ ಅರ್ಧ ನಮ್ಮ ಕಣ್ಣಿಗೆ ಬೀಳುವುದು ಕಡಿಮೆ. ಗ್ಯಾರೇಜಿನಂತಹ ಸಣ್ಣ ವಿಷಯವನ್ನೇ ಮುಂದಿಟ್ಟುಕೊಂಡು ಅದು ಹೇಗೆ ನಡೆಯುತ್ತದೆ, ಎಲ್ಲಿ ನಿಲ್ಲುತ್ತದೆ ಎಂಬುದನ್ನು ವೀಕ್ಷಕ ಮಿತ್ರರೊಡನೆ ಹಂಚಿಕೊಳ್ಳುವುದು ಈ ಲೇಖನದ ಉದ್ದೇಶ.

ಗ್ಯಾರೇಜಿಗೆ ಯಜಮಾನರು ಎಷ್ಟು ಮಂದಿ?

ನಮ್ಮ ರಾಜ್ಯದಲ್ಲಿ ವಾಹನ ರಿಪೇರಿ ಅಂಗಡಿಗಳನ್ನು ನೋಡಿಕೊಳ್ಳುವುದಕ್ಕೆಂದೇ ಇರುವ ಒಂದು ಪ್ರತ್ಯೇಕ ಸರ್ಕಾರಿ ಸಂಸ್ಥೆ ಇಲ್ಲ. ಹಾಗೆಂದು ಗ್ಯಾರೇಜು ಕಾನೂನಿನ ಹೊರಗೂ ಇಲ್ಲ. ಅದರ ಒಂದೊಂದು ಭಾಗ ಒಂದೊಂದು ಕಚೇರಿಗೆ ಸೇರಿದೆ.

ಹಳ್ಳಿಯಲ್ಲಿ ಅಂಗಡಿ ತೆರೆಯಲು, ಯಂತ್ರ ಕೂರಿಸಲು ಬೇಕಾದ ಪರವಾನಗಿ 1993ರ ಪಂಚಾಯತ್ ರಾಜ್ ಕಾಯ್ದೆಯಂತೆ ಗ್ರಾಮ ಪಂಚಾಯಿತಿಯ ಕೈಯಲ್ಲಿದೆ. ಕೆಲಸಗಾರರ ವೇಳೆ, ರಜೆ, ಕೂಲಿಯ ವಿಚಾರ ಕಾರ್ಮಿಕ ಇಲಾಖೆಗೆ ಸೇರಿದ್ದು. ಅಂಗಡಿಗಳ ಮಟ್ಟಿಗೆ 1961ರ ಕರ್ನಾಟಕ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ ಇದೆ. ಹದಿನಾಲ್ಕು ತುಂಬದ ಹುಡುಗನ ಕೈಗೆ ಸ್ಪ್ಯಾನರು ಕೊಟ್ಟು ದುಡಿಸುವುದು ಬಾಲಕಾರ್ಮಿಕ ಕಾಯ್ದೆಯಂತೆ ಅಪರಾಧ. ಆ ಕಾಯ್ದೆಗೆ 2016ರಲ್ಲಿ ತಿದ್ದುಪಡಿ ಬರುವ ಮೊದಲೇ, ಮಕ್ಕಳನ್ನು ಸೇರಿಸಿಕೊಳ್ಳಬಾರದ ಉದ್ಯೋಗಗಳ ಪಟ್ಟಿಯಲ್ಲಿ ವಾಹನ ಗ್ಯಾರೇಜಿನ ಹೆಸರಿತ್ತು.

ಗಾಡಿಯಿಂದ ಇಳಿಸಿದ ಕರಿ ಆಯಿಲ್ ಮತ್ತು ಸತ್ತ ಬ್ಯಾಟರಿ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯ ವ್ಯಾಪ್ತಿಗೆ ಬರುತ್ತವೆ. ಬಳಸಿದ ಆಯಿಲ್ ಅಪಾಯಕಾರಿ ತ್ಯಾಜ್ಯ ಎಂದು 2016ರ ಕೇಂದ್ರ ನಿಯಮಗಳು ಹೇಳುತ್ತವೆ. ಅದನ್ನು ಚರಂಡಿಗೆ ಬಿಡುವಂತಿಲ್ಲ, ಅನುಮತಿ ಪಡೆದವರಿಗೇ ಕೊಡಬೇಕು. ಬ್ಯಾಟರಿಗೆ 2022ರ ನಿಯಮಗಳಿವೆ. ದುಡ್ಡು ತೆಗೆದುಕೊಂಡು ಕೆಟ್ಟ ಕೆಲಸ ಮಾಡಿಕೊಟ್ಟರೆ ಅದು ಸೇವೆಯ ಲೋಪ. ಅದರ ದೂರು ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋಗುತ್ತದೆ. ಇನ್ನು ರಿಪೇರಿಯಾದ ಗಾಡಿ ರಸ್ತೆಗೆ ಇಳಿಯಲು ಯೋಗ್ಯವೇ ಎಂದು ಹೇಳಬೇಕಾದದ್ದು ಸಾರಿಗೆ ಇಲಾಖೆ. ನಮ್ಮ ಜನ ಬ್ರೇಕ್ ಇನ್‌ಸ್ಪೆಕ್ಟರ್ ಎಂದು ಕರೆಯುವ ಮೋಟಾರು ವಾಹನ ನಿರೀಕ್ಷಕರು ಆ ಇಲಾಖೆಯವರೇ. ತುಮಕೂರಿನಲ್ಲಿ ಕೆಎ-06, ತಿಪಟೂರಿನಲ್ಲಿ ಕೆಎ-44, ಮಧುಗಿರಿಯಲ್ಲಿ ಕೆಎ-64 ಎಂಬ ಸಂಖ್ಯೆಗಳು ಆ ಇಲಾಖೆಯ ಕಚೇರಿಗಳ ಗುರುತು.

ಹೀಗೆ ಒಂದು ಗ್ಯಾರೇಜಿಗೆ ಐದಾರು ಮಂದಿ ಯಜಮಾನರು. ಆದರೆ ಹಲವರು ಕಾಯುವ ಹೊಲವನ್ನು ಯಾರೂ ಕಾಯುವುದಿಲ್ಲ ಎಂಬ ಪರಿಸ್ಥಿತಿ ಇಲ್ಲಿಯೂ ಉಂಟು. ಬ್ರೇಕ್ ಕೆಲಸ ಸರಿಯಾಗಿ ಆಗಿದೆಯೇ ಎಂದು ಪಂಚಾಯಿತಿ ನೋಡುವುದಿಲ್ಲ, ಅದು ಅದರ ಕೆಲಸವೂ ಅಲ್ಲ. ಸಾರಿಗೆ ಇಲಾಖೆ ಗಾಡಿಯನ್ನು ನೋಡುತ್ತದೆ, ಗ್ಯಾರೇಜನ್ನು ನೋಡುವುದಿಲ್ಲ. ಗ್ರಾಹಕ ಆಯೋಗ ದೂರು ಬಂದ ಮೇಲಷ್ಟೇ ಎಚ್ಚೆತ್ತುಕೊಳ್ಳಬಲ್ಲದು. ಈ ಎಲ್ಲ ಕಚೇರಿಗಳೂ ಉತ್ತರ ಹೇಳಲೇಬೇಕಾದ ಒಂದು ಜಾಗವೆಂದರೆ ಶಾಸನಸಭೆ. ಅದಕ್ಕಾಗಿಯೇ ಗ್ಯಾರೇಜಿನ ಮಾತಿನಲ್ಲಿ ವಿಧಾನಸೌಧದ ಮಾತು ಬರುತ್ತದೆ.

ರಿಪೇರಿ ಮಾಡುವವರು ಬೇರೆ, ಪರೀಕ್ಷಿಸುವವರು ಬೇರೆ

ಕಾನೂನಿನಲ್ಲಿ ಗ್ಯಾರೇಜಿನ ಹೆಸರು ನೇರವಾಗಿ ಬಂದದ್ದು ಎಲ್ಲಿ ಎಂಬುದು ಕುತೂಹಲದ ಸಂಗತಿ. 1939ರ ಹಳೆಯ ಕಾಯ್ದೆಯ ಜಾಗದಲ್ಲಿ ಬಂದ 1988ರ ಮೋಟಾರು ವಾಹನ ಕಾಯ್ದೆ 1989ರ ಜುಲೈ 1ರಿಂದ ಜಾರಿಯಾಯಿತು. ಅದರ 56ನೇ ಕಲಂ ಸಾರಿಗೆ ವಾಹನಗಳ ಯೋಗ್ಯತಾ ಪತ್ರಕ್ಕೆ, ಅಂದರೆ ನಾವು ಎಫ್.ಸಿ. ಎನ್ನುವ ಕಾಗದಕ್ಕೆ ಸಂಬಂಧಿಸಿದ್ದು. ಅದರಂತೆ ಈ ಪತ್ರವನ್ನು ನಿಗದಿಯಾದ ಸರ್ಕಾರಿ ಅಧಿಕಾರಿಯೂ ಕೊಡಬಹುದಿತ್ತು, ಅಧಿಕೃತ ತಪಾಸಣಾ ಕೇಂದ್ರವೂ ಕೊಡಬಹುದಿತ್ತು. ಅಧಿಕೃತ ತಪಾಸಣಾ ಕೇಂದ್ರ ಎಂದರೆ ಏನು? ನಡೆಸುವವರ ಅನುಭವ, ತರಬೇತಿ, ಸಲಕರಣೆ ಇವುಗಳನ್ನು ನೋಡಿ ರಾಜ್ಯ ಸರ್ಕಾರ ಗೊತ್ತುಪಡಿಸುವ ಸರ್ವಿಸ್ ಸ್ಟೇಷನ್ ಅಥವಾ ಗ್ಯಾರೇಜು ಎಂದು ಕಾಯ್ದೆಯೇ ಹೇಳಿತ್ತು. ಹೀಗೆ ರಿಪೇರಿ ಮಾಡುವ ಕೈಯೇ ಗಾಡಿಗೆ ಯೋಗ್ಯತೆಯ ಮುದ್ರೆಯನ್ನೂ ಒತ್ತಲು ದಾರಿ ಇತ್ತು.

ಇದರ ತೊಡಕು ಯಾರಿಗಾದರೂ ಹೊಳೆಯುತ್ತದೆ. ತಾನು ಮಾಡಿದ ಕೆಲಸಕ್ಕೆ ತಾನೇ ಅಂಕ ಹಾಕಿಕೊಂಡಂತೆ ಆಗುತ್ತದೆ. ಇಲ್ಲವೇ, ಗಾಡಿ ಚೆನ್ನಾಗಿದ್ದರೂ ಫೇಲ್ ಮಾಡಿ ರಿಪೇರಿಯ ವ್ಯಾಪಾರ ಹೆಚ್ಚಿಸಿಕೊಳ್ಳುವ ಆಸೆ ಹುಟ್ಟುತ್ತದೆ. 2019ರ ತಿದ್ದುಪಡಿ ಈ ವಿವರಣೆಯನ್ನು ಬದಲಿಸಿತು. 2021ರ ಸೆಪ್ಟೆಂಬರಿನಲ್ಲಿ ಕೇಂದ್ರ ಸರ್ಕಾರ ಸ್ವಯಂಚಾಲಿತ ತಪಾಸಣಾ ಕೇಂದ್ರಗಳ ನಿಯಮಗಳನ್ನು ಹೊರಡಿಸಿತು. ಬ್ರೇಕ್, ಹೆಡ್‌ಲೈಟ್, ಹೊಗೆ ಇವುಗಳನ್ನು ಯಂತ್ರವೇ ಅಳೆಯಬೇಕು, ಫಲಿತಾಂಶ ಕಂಪ್ಯೂಟರಿಗೆ ತಾನಾಗಿ ಹೋಗಬೇಕು ಎಂಬುದು ಅದರ ತಿರುಳು. ಅದಕ್ಕಿಂತ ಮುಖ್ಯವಾದ ಇನ್ನೊಂದು ಮಾತು ಆ ನಿಯಮಗಳಲ್ಲಿದೆ. ಇಂತಹ ಕೇಂದ್ರ ತಪಾಸಣೆಯನ್ನಷ್ಟೇ ಮಾಡಬೇಕು, ವಾಹನ ರಿಪೇರಿಯನ್ನಾಗಲಿ, ವಾಹನ ಅಥವಾ ಬಿಡಿಭಾಗಗಳ ಮಾರಾಟವನ್ನಾಗಲಿ ಮಾಡಕೂಡದು. ಭಾರಿ ವಾಹನಗಳಿಗೆ ಇದು 2023ರ ಏಪ್ರಿಲ್ 1ರಿಂದ ಕಡ್ಡಾಯ ಎಂದು ಮೊದಲು ಗೊತ್ತುಮಾಡಲಾಗಿತ್ತು. ಆಮೇಲೆ ಗಡುವನ್ನು ಮುಂದೂಡಲಾಯಿತು. ಕೇಂದ್ರಗಳೇ ಸಾಕಷ್ಟು ಇಲ್ಲದಿದ್ದರೆ ಕಡ್ಡಾಯ ಮಾಡಿ ಪ್ರಯೋಜನವೇನು?

ಹೊಗೆ ತಪಾಸಣೆಯದೂ ಇದೇ ರೀತಿ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 115ನೇ ನಿಯಮದಂತೆ ವಾಹನ ನೋಂದಣಿಯಾಗಿ ಒಂದು ವರ್ಷ ಕಳೆದ ಮೇಲೆ ಹೊಗೆಯ ಪ್ರಮಾಣಪತ್ರ ಇರಲೇಬೇಕು. ಹಳೆಯ ಮಾದರಿಯ ವಾಹನಗಳಿಗೆ ಅದರ ಆಯುಸ್ಸು ಆರು ತಿಂಗಳು, ಬಿಎಸ್-4 ಮತ್ತು ಆಮೇಲಿನವುಗಳಿಗೆ ಒಂದು ವರ್ಷ. ಪರೀಕ್ಷೆ ಮಾಡುವವರು ಖಾಸಗಿಯವರು, ಅವರಿಗೆ ಅಧಿಕಾರ ಕೊಡುವುದು ರಾಜ್ಯ ಸರ್ಕಾರ. ಸೈಲೆನ್ಸರಿಗೆ ಕೊಳವೆ ಇಡದೆ ಚೀಟಿ ಕೊಟ್ಟರೆ ಕಾಗದವೇನೋ ಸಿಗುತ್ತದೆ, ಗಾಳಿ ಶುದ್ಧವಾಗುವುದಿಲ್ಲ. ಇಂತಹ ಕೇಂದ್ರಗಳಿಗೆ ಇಲಾಖೆಯವರು ವರ್ಷಕ್ಕೆ ಎಷ್ಟು ಸಲ ಭೇಟಿ ಕೊಟ್ಟರು, ಎಷ್ಟರ ಅನುಮತಿ ರದ್ದಾಯಿತು ಎಂದು ಯಾರು ಕೇಳಬೇಕು? ಇಲ್ಲಿಂದ ಮುಂದಿನದು ಶಾಸಕರ ಕೆಲಸ.

ಶಾಸಕರ ಕೈಯಲ್ಲಿರುವ ಸಾಧನಗಳು

ಮೊದಲನೆಯದು ಕಾನೂನು ಮತ್ತು ನಿಯಮ. ಯಂತ್ರಚಾಲಿತ ವಾಹನಗಳು ಸಂವಿಧಾನದ ಏಳನೇ ಅನುಸೂಚಿಯಲ್ಲಿ ಸಮವರ್ತಿ ಪಟ್ಟಿಗೆ ಸೇರಿವೆ. ಅಂದರೆ ಕೇಂದ್ರ, ರಾಜ್ಯ ಎರಡಕ್ಕೂ ಅಧಿಕಾರವಿದೆ. ಮುಖ್ಯ ಕಾಯ್ದೆ ಸಂಸತ್ತಿನದು. ಅದರ ಕೆಳಗೆ ರಾಜ್ಯ ತನ್ನ ನಿಯಮಗಳನ್ನು ಮಾಡಿಕೊಳ್ಳುತ್ತದೆ. 1989ರ ಕರ್ನಾಟಕ ಮೋಟಾರು ವಾಹನ ನಿಯಮಗಳು ಅಂತಹವು. ನಿಯಮ ಬರೆಯುವವರು ಅಧಿಕಾರಿಗಳು. ಆದರೆ ಕಾಯ್ದೆಯ 212ನೇ ಕಲಮಿನಂತೆ ರಾಜ್ಯದ ನಿಯಮಗಳನ್ನು ರಾಜ್ಯ ಶಾಸನಸಭೆಯ ಮುಂದೆ ಇಡಬೇಕು, ಕೇಂದ್ರದ ನಿಯಮಗಳನ್ನು ಸಂಸತ್ತಿನ ಎರಡೂ ಸದನಗಳ ಮುಂದೆ ಇಡಬೇಕು. ಕಾಯ್ದೆ ಕೊಟ್ಟ ಅಧಿಕಾರವನ್ನು ಮೀರಿ ನಿಯಮ ಬರೆದಿದ್ದಾರೆಯೇ ಎಂದು ನೋಡಲು ಅಧೀನ ಶಾಸನ ಸಮಿತಿ ಎಂಬುದೇ ಇದೆ.

ಎರಡನೆಯದು ಹಣ. ಸದನದ ಒಪ್ಪಿಗೆ ಇಲ್ಲದೆ ಯಾವ ಇಲಾಖೆಯೂ ಒಂದು ರೂಪಾಯಿಯನ್ನೂ ಖರ್ಚು ಮಾಡುವಂತಿಲ್ಲ. ಬಜೆಟ್ಟಿನ ನಂತರ ಇಲಾಖಾವಾರು ಬೇಡಿಕೆಗಳು ಸದನದ ಮುಂದೆ ಬರುತ್ತವೆ. ನಿರೀಕ್ಷಕರ ಹುದ್ದೆಗಳು ಎಷ್ಟು ಖಾಲಿ ಇವೆ, ತಪಾಸಣಾ ಯಂತ್ರಗಳಿಗೆ ಎಷ್ಟು ಹಣ ಇಡಲಾಗಿದೆ ಎಂದು ಕೇಳಲು ಅದು ತಕ್ಕ ಸಮಯ. ಇಲ್ಲಿ ಒಂದು ಸೂಕ್ಷ್ಮವಿದೆ. 1957ರ ಮೋಟಾರು ವಾಹನ ತೆರಿಗೆ ಕಾಯ್ದೆಯ ಪ್ರಕಾರ ಬರುವ ತೆರಿಗೆ ರಾಜ್ಯದ ಬೊಕ್ಕಸಕ್ಕೆ ದೊಡ್ಡ ಆದಾಯ. ಹಾಗಾಗಿ ಸಾರಿಗೆ ಇಲಾಖೆಯನ್ನು ತೆರಿಗೆ ತರುವ ಇಲಾಖೆಯೆಂದೇ ನೋಡುವ ರೂಢಿ ಬೆಳೆದಿದೆ. ಗುರಿಗೆ ತಕ್ಕಷ್ಟು ತೆರಿಗೆ ಬಂತೇ ಎಂಬ ಪ್ರಶ್ನೆ ಏಳುವಷ್ಟು ಸುಲಭವಾಗಿ, ಎಷ್ಟು ಬ್ರೇಕುಗಳನ್ನು ನಿಜವಾಗಿ ಪರೀಕ್ಷಿಸಿದಿರಿ ಎಂಬ ಪ್ರಶ್ನೆ ಏಳುವುದಿಲ್ಲ. ಯಾವುದನ್ನು ಕೇಳುತ್ತೇವೆಯೋ ಅದನ್ನೇ ಇಲಾಖೆ ಲೆಕ್ಕ ಇಡುತ್ತದೆ.

ಮೂರನೆಯದು ಪ್ರಶ್ನೋತ್ತರ. ಚುಕ್ಕೆ ಗುರುತಿನ ಪ್ರಶ್ನೆಗೆ ಸಚಿವರು ಸದನದಲ್ಲೇ ಬಾಯಿಮಾತಿನಲ್ಲಿ ಉತ್ತರಿಸಬೇಕು. ಅದರ ಮೇಲೆ ಉಪಪ್ರಶ್ನೆ ಕೇಳಬಹುದು. ಚುಕ್ಕೆ ಗುರುತಿಲ್ಲದ ಪ್ರಶ್ನೆಗೆ ಲಿಖಿತ ಉತ್ತರ ಬರುತ್ತದೆ. ಲಿಖಿತ ಉತ್ತರ ಪತ್ರಿಕೆಗಳಲ್ಲಿ ಸುದ್ದಿಯಾಗದಿದ್ದರೂ ಬಹಳ ಬೆಲೆಯುಳ್ಳದ್ದು. ತಾಲ್ಲೂಕುವಾರು ಅಂಕಿ ಅಂಶ ಸಚಿವರ ಹೆಸರಿನಲ್ಲಿ ದಾಖಲಾಗುತ್ತದೆ. ತಪ್ಪು ಮಾಹಿತಿ ಕೊಟ್ಟರೆ ಅದು ಸದನಕ್ಕೆ ಮಾಡಿದ ಅಗೌರವವಾಗುತ್ತದೆ.

ನಾಲ್ಕನೆಯದು ಭರವಸೆಗಳ ಸಮಿತಿ. ಪರಿಶೀಲಿಸುತ್ತೇವೆ, ಕ್ರಮ ಕೈಗೊಳ್ಳುತ್ತೇವೆ ಎಂದು ಸಚಿವರು ಸದನದಲ್ಲಿ ಹೇಳಿದ ಮಾತು ಗಾಳಿಗೆ ಹೋಗುವುದಿಲ್ಲ. ಅದು ಭರವಸೆಯೆಂದು ದಾಖಲಾಗುತ್ತದೆ. ಎಷ್ಟು ಈಡೇರಿವೆ, ಎಷ್ಟು ಉಳಿದಿವೆ ಎಂದು ಈ ಸಮಿತಿ ಅಧಿಕಾರಿಗಳನ್ನು ಕರೆಸಿ ಕೇಳಬಲ್ಲದು.

ಐದನೆಯದು ಲೆಕ್ಕ ತಪಾಸಣೆ. ಭಾರತದ ಲೆಕ್ಕ ನಿಯಂತ್ರಕರು ಮತ್ತು ಮಹಾಲೇಖಪಾಲರ ವರದಿಗಳು ಸಂವಿಧಾನದ 151ನೇ ಅನುಚ್ಛೇದದಂತೆ ರಾಜ್ಯಪಾಲರ ಮೂಲಕ ಸದನಕ್ಕೆ ಬರುತ್ತವೆ. ಹಣ ಪೋಲಾಯಿತೇ ಎಂದಷ್ಟೇ ಅಲ್ಲ, ಹಣ ಕೊಟ್ಟ ಉದ್ದೇಶ ಈಡೇರಿತೇ ಎಂದೂ ಅವರು ನೋಡುತ್ತಾರೆ. ಆ ವರದಿಗಳನ್ನು ಸಾರ್ವಜನಿಕ ಲೆಕ್ಕಪತ್ರ ಸಮಿತಿ ಕೈಗೆತ್ತಿಕೊಳ್ಳುತ್ತದೆ. ಈ ಸಮಿತಿಗೆ ವಿರೋಧ ಪಕ್ಷದವರು ಅಧ್ಯಕ್ಷರಾಗುವುದು ರೂಢಿ. ಸಮಿತಿಯ ಮುಂದೆ ಬಂದು ಉತ್ತರಿಸಬೇಕಾದವರು ಸಚಿವರಲ್ಲ, ಇಲಾಖೆಯ ಕಾರ್ಯದರ್ಶಿಗಳು. ಆಡಳಿತ ಪಕ್ಷ, ವಿರೋಧ ಪಕ್ಷ ಎನ್ನದೆ ಸದಸ್ಯರು ಒಂದೇ ಮೇಜಿನ ಸುತ್ತ ಕೂತು ಕಡತ ಬಿಚ್ಚುವ ಜಾಗ ಅದು.

ಇವಲ್ಲದೆ ಅರ್ಜಿಗಳ ಸಮಿತಿ ಇದೆ. ಸಾರ್ವಜನಿಕ ಹಿತದ ವಿಷಯದಲ್ಲಿ ನಾಗರಿಕರು ಸದಸ್ಯರ ಮೂಲಕ ಸದನಕ್ಕೆ ಅರ್ಜಿ ಒಪ್ಪಿಸಿದರೆ ಈ ಸಮಿತಿ ಅದನ್ನು ವಿಚಾರಿಸುತ್ತದೆ. ಮಾಲಿನ್ಯ ನಿಯಂತ್ರಣ ಮಂಡಳಿಯಂತಹ ಸಂಸ್ಥೆಗಳಿಗೆ ಇನ್ನೊಂದು ಕಟ್ಟುಪಾಡೂ ಇದೆ. 1974ರ ಜಲ ಕಾಯ್ದೆಯಂತೆ ಮಂಡಳಿಯ ವಾರ್ಷಿಕ ವರದಿಯನ್ನು ಹಣಕಾಸು ವರ್ಷ ಮುಗಿದ ಒಂಬತ್ತು ತಿಂಗಳೊಳಗೆ ಸರ್ಕಾರ ಶಾಸನಸಭೆಯ ಮುಂದೆ ಇಡಬೇಕು.

ಐನೂರು ರೂಪಾಯಿಯ ಪ್ರಶ್ನೆ

ಇದೆಲ್ಲ ಪುಸ್ತಕದ ಮಾತು, ನಮ್ಮೂರಿನ ಮೆಕ್ಯಾನಿಕ್‌ಗೆ ಇದರಿಂದ ಏನು ಎಂದು ಕೇಳುವವರಿಗೆ ಈಚಿನ ಉದಾಹರಣೆಯೊಂದಿದೆ. 2024ರಲ್ಲಿ ನಮ್ಮ ಶಾಸನಸಭೆ ಕರ್ನಾಟಕ ಮೋಟಾರು ಸಾರಿಗೆ ಮತ್ತು ಇತರ ಸಂಬಂಧಿತ ಕಾರ್ಮಿಕರ ಸಾಮಾಜಿಕ ಭದ್ರತೆ ಮತ್ತು ಕಲ್ಯಾಣ ಕಾಯ್ದೆಯನ್ನು ಅಂಗೀಕರಿಸಿತು. ಚಾಲಕರು, ನಿರ್ವಾಹಕರು, ಕ್ಲೀನರುಗಳ ಜೊತೆಗೆ ಗ್ಯಾರೇಜಿನ ಮೆಕ್ಯಾನಿಕ್‌ಗಳು, ಪಂಕ್ಚರ್ ಹಾಕುವವರಂತಹ ಕೆಲಸಗಾರರೂ ಅದರ ವ್ಯಾಪ್ತಿಗೆ ಬರುತ್ತಾರೆ. ಅವರಿಗಾಗಿ ಒಂದು ಮಂಡಳಿ, ಒಂದು ನಿಧಿ. ನಿಧಿಗೆ ಹಣ ಹೊಂದಿಸಲು ವಾಹನ ತೆರಿಗೆ ಕಾಯ್ದೆಗೆ ತಿದ್ದುಪಡಿ ತಂದು, ಹೊಸ ದ್ವಿಚಕ್ರ ವಾಹನದ ನೋಂದಣಿಗೆ 500 ರೂಪಾಯಿ, ಕಾರಿಗೆ 1,000 ರೂಪಾಯಿ ಹೆಚ್ಚುವರಿ ಉಪಕರ ಹಾಕಲಾಯಿತು.

ಗ್ಯಾರೇಜನ್ನು ತಪ್ಪು ಹುಡುಕುವ ಕಣ್ಣಿನಿಂದ ಮಾತ್ರ ನೋಡದೆ, ಅಲ್ಲಿ ದುಡಿಯುವವರನ್ನೂ ಕಾನೂನು ಗುರುತಿಸಿದ್ದು ಒಳ್ಳೆಯದೇ. ಜಾಕ್ ಜಾರಿದರೆ ಕೈ ಮುರಿಯುವುದು, ಬ್ಯಾಟರಿ ಸಿಡಿದರೆ ಕಣ್ಣು ಹೋಗುವುದು ಆ ಕಸುಬಿನಲ್ಲಿ ಹೊಸದಲ್ಲ. ಆದರೆ ಕಾನೂನು ಆದ ದಿನಕ್ಕೇ ಶಾಸಕರ ಕೆಲಸ ಮುಗಿಯಲಿಲ್ಲ. ಉಪಕರದಿಂದ ವರ್ಷಕ್ಕೆ ಎಷ್ಟು ಹಣ ಬಂತು? ಅದರಲ್ಲಿ ಮಂಡಳಿಗೆ ಎಷ್ಟು ತಲುಪಿತು? ಕೊರಟಗೆರೆ ತಾಲ್ಲೂಕಿನಲ್ಲಿ ಎಷ್ಟು ಮೆಕ್ಯಾನಿಕ್‌ಗಳ ಹೆಸರು ನೋಂದಣಿಯಾಗಿದೆ? ಗಾಯಗೊಂಡವರಲ್ಲಿ ಎಷ್ಟು ಮಂದಿಗೆ ನೆರವು ಸಿಕ್ಕಿತು, ಎಷ್ಟು ದಿನಗಳಲ್ಲಿ ಸಿಕ್ಕಿತು? ಹೊಸ ಬೈಕು ಕೊಂಡ ಪ್ರತಿಯೊಬ್ಬರ ಐನೂರು ರೂಪಾಯಿ ಈ ಪ್ರಶ್ನೆಗಳ ಹಿಂದೆ ಇದೆ. ಈ ನಾಲ್ಕು ಪ್ರಶ್ನೆಗಳನ್ನು ಒಬ್ಬ ಶಾಸಕರು ಪ್ರತಿವರ್ಷ ಬಿಡದೆ ಕೇಳಿದರೆ ಮಂಡಳಿ ತಾನಾಗಿ ಲೆಕ್ಕ ಇಡಲು ಕಲಿಯುತ್ತದೆ.

ಬೇರೆಯವರು ಹೇಗೆ ಮಾಡಿದ್ದಾರೆ?

ಅಮೆರಿಕದ ಕ್ಯಾಲಿಫೋರ್ನಿಯ ರಾಜ್ಯ 1971ರಲ್ಲಿ ವಾಹನ ರಿಪೇರಿಯ ಬಗ್ಗೆಯೇ ಒಂದು ಕಾಯ್ದೆ ಮಾಡಿ, ರಿಪೇರಿ ಅಂಗಡಿಗಳ ಮೇಲ್ವಿಚಾರಣೆಗೆ ಪ್ರತ್ಯೇಕ ಸರ್ಕಾರಿ ಕಚೇರಿಯನ್ನು ಕಟ್ಟಿತು. ಅಂಗಡಿ ಆ ಕಚೇರಿಯಲ್ಲಿ ನೋಂದಾಯಿಸಿಕೊಳ್ಳಬೇಕು. ಕೆಲಸಕ್ಕೆ ಕೈಹಾಕುವ ಮೊದಲು ಖರ್ಚಿನ ಅಂದಾಜನ್ನು ಬರೆದು ಕೊಡಬೇಕು. ಗಿರಾಕಿ ಕೇಳಿದರೆ ಬಿಚ್ಚಿದ ಹಳೆಯ ಬಿಡಿಭಾಗಗಳನ್ನು ಹಿಂದಕ್ಕೆ ಕೊಡಬೇಕು. 1984ರಲ್ಲಿ ಆರಂಭವಾದ ಹೊಗೆ ತಪಾಸಣೆಯೂ ಅದೇ ಕಚೇರಿಯ ಹೊಣೆ. ನಮಗೆ ಪಾಠವಾಗಬೇಕಾದದ್ದು ಮುಂದಿನ ಭಾಗ. ಅಲ್ಲಿನ ಶಾಸನಸಭೆಯ ಸಮಿತಿಗಳು ಕೆಲವು ವರ್ಷಗಳಿಗೊಮ್ಮೆ ಆ ಕಚೇರಿಯನ್ನು ಎದುರಿಗೆ ಕೂರಿಸಿಕೊಂಡು ವಿಚಾರಣೆ ಮಾಡುತ್ತವೆ. ಎಷ್ಟು ದೂರು ಬಂದವು, ಎಷ್ಟು ದಿನದಲ್ಲಿ ಇತ್ಯರ್ಥವಾದವು, ಈ ಕಚೇರಿ ಇನ್ನೂ ಬೇಕೇ ಎಂಬುದನ್ನೂ ಕೇಳುತ್ತವೆ. ಸೂರ್ಯಾಸ್ತ ಪರಿಶೀಲನೆ ಎಂದು ಅದಕ್ಕೆ ಹೆಸರು. ತಾನು ಇರಲು ತಕ್ಕ ಕಾರಣವಿದೆ ಎಂದು ಕಚೇರಿ ತೋರಿಸಿಕೊಡಬೇಕು.

ಅಷ್ಟು ದೂರ ಹೋಗಬೇಕಾಗಿಲ್ಲ. ನಮ್ಮ ನೆರೆಯ ಕೇರಳದ ವಿಧಾನಸಭೆ 1980ರಲ್ಲಿಯೇ ವಿಷಯವಾರು ಸಮಿತಿಗಳನ್ನು ಮಾಡಿಕೊಂಡು, ಇಲಾಖೆಗಳ ಬಜೆಟ್ ಬೇಡಿಕೆಗಳನ್ನೂ ಮಸೂದೆಗಳನ್ನೂ ಅಲ್ಲಿ ನಿಧಾನವಾಗಿ ನೋಡುವ ಪದ್ಧತಿ ತಂದಿತು. ಸಂಸತ್ತಿನಲ್ಲಿ 1993ರಿಂದ ಇಲಾಖಾವಾರು ಸ್ಥಾಯಿ ಸಮಿತಿಗಳಿವೆ. ಈಗ ಜಾರಿಯಲ್ಲಿರುವ ಮೋಟಾರು ವಾಹನ ತಿದ್ದುಪಡಿಯ ಮೊದಲ ರೂಪ 2016ರಲ್ಲಿ ಮಂಡನೆಯಾದಾಗ ಸಾರಿಗೆಯ ಸ್ಥಾಯಿ ಸಮಿತಿಯೂ, ಆಮೇಲೆ ರಾಜ್ಯಸಭೆಯ ಆಯ್ಕೆ ಸಮಿತಿಯೂ ಅದನ್ನು ಪರಿಶೀಲಿಸಿದ್ದವು. ಆ ಮಸೂದೆ ಲೋಕಸಭೆಯ ಅವಧಿಯೊಡನೆ ಬಿದ್ದುಹೋಗಿ, 2019ರಲ್ಲಿ ಮತ್ತೆ ಬಂದು ಕಾಯ್ದೆಯಾಯಿತು.

ಹಾಗೆಂದು ಪ್ರತ್ಯೇಕ ಕಚೇರಿಯೇ ಎಲ್ಲಕ್ಕೂ ಮದ್ದು ಎನ್ನಲಾಗದು. ಮರದ ನೆರಳಿನಲ್ಲಿ ಒಂದು ಪೆಟ್ಟಿಗೆ ಸ್ಪ್ಯಾನರು ಇಟ್ಟುಕೊಂಡು ಸಂಸಾರ ಸಾಗಿಸುವ ಮೆಕ್ಯಾನಿಕ್‌ಗೆ ಇನ್ನೊಂದು ಪರವಾನಗಿ, ಇನ್ನೊಬ್ಬ ಇನ್‌ಸ್ಪೆಕ್ಟರು ಎಂದರೆ ಇನ್ನೊಂದು ಕೈಬಿಸಿಯ ದಾರಿಯೂ ಆಗಬಹುದು. ಹಳ್ಳಿಯ ಟ್ರ್ಯಾಕ್ಟರು, ಟಿಲ್ಲರು, ಮೊಪೆಡ್ಡುಗಳು ಓಡುತ್ತಿರುವುದೇ ಇಂತಹವರ ಕೈಗುಣದಿಂದ. ಕಂಪನಿಯ ಸರ್ವಿಸ್ ಸೆಂಟರು ಇರುವುದು ಪಟ್ಟಣದಲ್ಲಿ, ಅಲ್ಲಿನ ಬಿಲ್ಲು ಬಡವರಿಗೆ ಎಟುಕುವುದಿಲ್ಲ. ಆದ್ದರಿಂದ ಕಟ್ಟಳೆ ಹೆಚ್ಚಾಗಬೇಕೇ ಬೇಡವೇ ಎಂಬ ವಾದಕ್ಕಿಂತ, ಇರುವ ಕಟ್ಟಳೆ ಯಾರಿಗೆ ರಕ್ಷಣೆ ಕೊಟ್ಟಿದೆ ಎಂಬ ವಿಚಾರಣೆ ಹೆಚ್ಚು ಉಪಯುಕ್ತ. ಆ ವಿಚಾರಣೆ ನಡೆಸಲು ಅಧಿಕಾರವೂ ಮಾಹಿತಿಯೂ ಇರುವುದು ಶಾಸನಸಭೆಗೆ.

ಕಣ್ಣು ಮಂಜಾಗುವುದೆಲ್ಲಿ?

ಸಾಧನಗಳು ಇಷ್ಟಿದ್ದರೂ ಫಲ ಕಡಿಮೆ ಕಾಣಲು ಕಾರಣಗಳಿವೆ. ಸದನ ಸೇರುವ ದಿನಗಳೇ ಕಡಿಮೆ. ವರ್ಷಕ್ಕೆ ಕನಿಷ್ಠ 60 ದಿನ ಸದನ ನಡೆಯಬೇಕು ಎಂದು 2005ರಲ್ಲಿ ಕರ್ನಾಟಕವೇ ಕಾನೂನು ಮಾಡಿಕೊಂಡಿತು. ಬಹುತೇಕ ವರ್ಷಗಳಲ್ಲಿ ಆ ಸಂಖ್ಯೆಯನ್ನು ಮುಟ್ಟಲಾಗಿಲ್ಲ. ಗದ್ದಲದಲ್ಲಿ ಪ್ರಶ್ನೋತ್ತರದ ಅವಧಿ ಕೊಚ್ಚಿಹೋದರೆ ಉಪಪ್ರಶ್ನೆಗಳೂ ಅದರೊಡನೆ ಹೋಗುತ್ತವೆ. ಬೇಡಿಕೆಗಳು ಚರ್ಚೆಯಿಲ್ಲದೆ ಒಟ್ಟಾಗಿ ಅಂಗೀಕಾರವಾಗುವುದೂ ಉಂಟು. ಲೆಕ್ಕ ತಪಾಸಣೆಯ ವರದಿ ಬರುವುದು ಘಟನೆ ನಡೆದು ವರ್ಷಗಳಾದ ಮೇಲೆ. ಅಷ್ಟರಲ್ಲಿ ಆಗಿನ ಅಧಿಕಾರಿ ವರ್ಗವಾಗಿಯೋ ನಿವೃತ್ತರಾಗಿಯೋ ಇರುತ್ತಾರೆ.

ಅಪಘಾತ ನಡೆದಾಗ ಮಾತ್ರ ಎಲ್ಲರ ಗಮನ ಒಮ್ಮೆಲೇ ಹರಿಯುತ್ತದೆ. 2022ರ ಮಾರ್ಚ್ 19ರಂದು ಪಾವಗಡ ತಾಲ್ಲೂಕಿನ ಪಳವಳ್ಳಿಯ ಬಳಿ ಖಾಸಗಿ ಬಸ್ಸೊಂದು ಉರುಳಿ ವಿದ್ಯಾರ್ಥಿಗಳೂ ಸೇರಿದಂತೆ ಹಲವರು ಪ್ರಾಣ ಕಳೆದುಕೊಂಡರು. ಆ ದಿನದ ತಪ್ಪನ್ನು ತೀರ್ಮಾನಿಸುವುದು ತನಿಖೆಯ ಮತ್ತು ನ್ಯಾಯಾಲಯದ ಕೆಲಸ. ಆದರೆ ಯಾವ ಅಪಘಾತದ ಮರುದಿನವೂ ಚಾಲಕ, ತುಂಬಿದ ಜನ, ರಸ್ತೆ, ಗಾಡಿಯ ಸ್ಥಿತಿ ಎಂಬ ನಾಲ್ಕು ಮಾತು ಬರುತ್ತವೆ. ಸಂತಾಪ, ಪರಿಹಾರ, ತನಿಖೆಯ ಆದೇಶ ಇವು ಬೇಕಾದವೇ. ಆರು ತಿಂಗಳ ನಂತರ ಆ ಆದೇಶ ಏನಾಯಿತು ಎಂದು ಕೇಳುವುದೇ ನಿಜವಾದ ಮೇಲ್ವಿಚಾರಣೆ. ಅದಕ್ಕೆ ತಾಳ್ಮೆ ಬೇಕು. ಅದರಿಂದ ಮತ ಬರುತ್ತದೆ ಎಂದು ಶಾಸಕರಿಗೆ ಅನಿಸುವುದು ಮತದಾರರು ಅದನ್ನು ಕೇಳಿದಾಗ ಮಾತ್ರ.

ನಾವು ಏನು ಮಾಡಬಹುದು?

ಮೊದಲು ನಮ್ಮ ಕೈಯಲ್ಲೇ ಇರುವುದನ್ನು ನೋಡೋಣ. ರಿಪೇರಿಗೆ ಚೀಟಿ ಕೇಳಿ. ಏನು ಬದಲಿಸಿದರು, ಯಾವ ಬಿಡಿಭಾಗ, ಎಷ್ಟು ಹಣ, ಯಾವ ದಿನ ಎಂಬ ನಾಲ್ಕು ವಿವರ ಒಂದು ತುಂಡು ಕಾಗದದಲ್ಲಿದ್ದರೂ ಸಾಕು. ಬಿಚ್ಚಿದ ಹಳೆಯ ಲೈನರನ್ನೋ ಬೇರಿಂಗನ್ನೋ ತೋರಿಸಲು ಹೇಳಿ. ಪ್ರಾಮಾಣಿಕ ಮೆಕ್ಯಾನಿಕ್‌ಗೆ ಇದರಿಂದ ನಷ್ಟವಿಲ್ಲ, ಹೆಸರು ಬರುತ್ತದೆ. ಮೋಸವಾಗಿದ್ದರೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಂತೆ ಎರಡು ವರ್ಷದೊಳಗೆ ತುಮಕೂರಿನ ಜಿಲ್ಲಾ ಗ್ರಾಹಕ ಆಯೋಗಕ್ಕೆ ದೂರು ಕೊಡಬಹುದು. ಸೇವೆಗೆ ಕೊಟ್ಟ ಹಣ ಐದು ಲಕ್ಷ ರೂಪಾಯಿ ಮೀರದಿದ್ದರೆ ಶುಲ್ಕವಿಲ್ಲ. ದೂರವಾಣಿಯಲ್ಲಿ ಸಲಹೆ ಬೇಕಾದವರಿಗೆ 1915 ಎಂಬ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ ಇದೆ.

ಎರಡನೆಯದು ಮಾಹಿತಿ. 2005ರ ಮಾಹಿತಿ ಹಕ್ಕು ಕಾಯ್ದೆಯಂತೆ ಹತ್ತು ರೂಪಾಯಿ ಶುಲ್ಕ ಕಟ್ಟಿ ಸಾರಿಗೆ ಕಚೇರಿಯನ್ನು ಕೇಳಬಹುದು. ನಮ್ಮ ರಾಜ್ಯದ ನಿಯಮದಂತೆ ಅರ್ಜಿ ಒಂದೇ ವಿಷಯದ್ದಾಗಿರಬೇಕು, 150 ಪದ ಮೀರಬಾರದು. ಉತ್ತರಕ್ಕೆ ಸಾಮಾನ್ಯವಾಗಿ 30 ದಿನದ ಗಡುವು. ಪಂಚಾಯಿತಿಗೆ ಸಂಬಂಧಿಸಿದ್ದನ್ನು ಗ್ರಾಮಸಭೆಯಲ್ಲಿ ಕೇಳಿ. ವರ್ಷಕ್ಕೊಮ್ಮೆ ಪಂಚಾಯಿತಿಯ ಲೆಕ್ಕವನ್ನು ಜನರ ಮುಂದೆ ಓದುವ ಜಮಾಬಂದಿಯಲ್ಲಿಯೂ ಕೇಳಬಹುದು.

ಮೂರನೆಯದು ಶಾಸಕರಿಗೆ ಬರೆಯುವ ಕಾಗದ. ನಮ್ಮಲ್ಲಿ ಶಾಸಕರ ಬಳಿ ಹೋಗುವುದು ರಸ್ತೆಗೋ, ವರ್ಗಾವಣೆಗೋ, ಮದುವೆಯ ಕರೆಯೋಲೆಗೋ. ಪ್ರಶ್ನೆಯೊಂದನ್ನು ಬರೆದುಕೊಂಡು ಹೋಗುವವರು ವಿರಳ. ತಾಲ್ಲೂಕು ಮಟ್ಟದ ಕೆ.ಡಿ.ಪಿ. ಪ್ರಗತಿ ಪರಿಶೀಲನಾ ಸಭೆಯಲ್ಲಿ ಶಾಸಕರು ಅಧಿಕಾರಿಗಳನ್ನು ನೇರವಾಗಿ ಕೇಳಬಲ್ಲರು. ಅಲ್ಲಿ ತೃಪ್ತಿಯಾಗದಿದ್ದರೆ ಅದನ್ನೇ ಸದನದ ಪ್ರಶ್ನೆಯನ್ನಾಗಿ ಮಾಡಬಲ್ಲರು. ಆದರೆ ಸುತ್ತಿಬಳಸಿ ದೂರು ಹೇಳಿದರೆ ಪ್ರಶ್ನೆಯಾಗುವುದಿಲ್ಲ. ಇಂತಿಷ್ಟು ಎಂದು ಎಣಿಸಬಹುದಾದ ಉತ್ತರ ಬರುವಂತೆ ಕೇಳಬೇಕು. ಮಾದರಿಗೆ ಹೀಗೆ:

ಕಳೆದ ಮೂರು ವರ್ಷಗಳಲ್ಲಿ ಮಧುಗಿರಿ, ಶಿರಾ, ಕೊರಟಗೆರೆ ಮತ್ತು ಪಾವಗಡ ತಾಲ್ಲೂಕುಗಳಲ್ಲಿರುವ ಹೊಗೆ ತಪಾಸಣಾ ಕೇಂದ್ರಗಳು ಎಷ್ಟು? ಪ್ರತಿ ಕೇಂದ್ರಕ್ಕೂ ಅಧಿಕಾರಿಗಳು ಎಷ್ಟು ಬಾರಿ ಭೇಟಿ ನೀಡಿದ್ದಾರೆ? ಎಷ್ಟು ಕೇಂದ್ರಗಳ ಮೇಲೆ ಕ್ರಮ ಕೈಗೊಳ್ಳಲಾಗಿದೆ? ಎಫ್.ಸಿ.ಗಾಗಿ ಬಂದ ವಾಹನಗಳು ಎಷ್ಟು, ಬ್ರೇಕ್ ದೋಷಕ್ಕಾಗಿ ತಿರಸ್ಕೃತವಾದವು ಎಷ್ಟು? ಈ ಭಾಗದ ವಾಹನಗಳಿಗೆ ಅತಿ ಹತ್ತಿರದ ಸ್ವಯಂಚಾಲಿತ ತಪಾಸಣಾ ಕೇಂದ್ರ ಎಲ್ಲಿದೆ? ಮೋಟಾರು ಸಾರಿಗೆ ಕಾರ್ಮಿಕರ ಮಂಡಳಿಯಲ್ಲಿ ನೋಂದಣಿಯಾದ ಗ್ಯಾರೇಜು ಕೆಲಸಗಾರರು ತಾಲ್ಲೂಕುವಾರು ಎಷ್ಟು?

ಇದರಲ್ಲಿ ಯಾರ ಮೇಲೂ ಆರೋಪವಿಲ್ಲ. ಎಲ್ಲಕ್ಕೂ ಸಂಖ್ಯೆಯಲ್ಲಿ ಉತ್ತರ ಬರಬೇಕು. ತಿರಸ್ಕೃತ ವಾಹನಗಳ ಸಂಖ್ಯೆ ಸೊನ್ನೆ ಎಂದು ಬಂದರೆ, ಈ ನಾಲ್ಕು ತಾಲ್ಲೂಕುಗಳ ಗಾಡಿಗಳೆಲ್ಲ ಅಷ್ಟೊಂದು ಚೆನ್ನಾಗಿವೆಯೇ ಎಂಬ ಉಪಪ್ರಶ್ನೆ ತಾನಾಗಿ ಹುಟ್ಟುತ್ತದೆ.

ಪ್ರಜಾಪ್ರಭುತ್ವದಲ್ಲಿ ಅಧಿಕಾರಿಯ ಮೇಲೆ ಸಚಿವರು, ಸಚಿವರ ಮೇಲೆ ಸದನ, ಸದನದ ಮೇಲೆ ಮತದಾರ ಎಂದು ಸರಪಳಿ ಹೆಣೆದಿದ್ದಾರೆ. ಅದರ ಕೊನೆಯ ಕೊಂಡಿ ಐದು ವರ್ಷಕ್ಕೊಮ್ಮೆ ಮತಗಟ್ಟೆಗೆ ಹೋಗಿಬರುವ ದಿನಕ್ಕಷ್ಟೇ ಸೀಮಿತವಾದರೆ ಉಳಿದ ಕೊಂಡಿಗಳೂ ಸಡಿಲವಾಗುತ್ತವೆ. ಮುಂದಿನ ಅಧಿವೇಶನಕ್ಕೆ ಮೊದಲು ನಿಮ್ಮೂರಿನ ನಾಲ್ಕು ಮಂದಿ ಸೇರಿ, ಮೆಕ್ಯಾನಿಕ್‌ರನ್ನೂ ಕೂರಿಸಿಕೊಂಡು, ಇಂತಹ ಒಂದು ಪುಟದ ಪ್ರಶ್ನೆಯನ್ನು ಬರೆಯಿರಿ. ಕೆಳಗೆ ಎಲ್ಲರ ಸಹಿ ಇರಲಿ, ಒಂದು ಪ್ರತಿ ನಿಮ್ಮ ಬಳಿ ಇರಲಿ, ತಲುಪಿಸಿದ ದಿನಾಂಕವನ್ನು ಅದರ ಮೇಲೆ ಗುರುತು ಹಾಕಿಕೊಳ್ಳಿ. ಮುಂದೆ ಉತ್ತರ ಬಂದಾಗ, ಅಥವಾ ಬಾರದಿದ್ದಾಗ, ಮಾತು ಮುಂದುವರಿಸಲು ಆ ದಿನಾಂಕವೇ ಆಧಾರವಾಗುತ್ತದೆ.